ಇಂದಿನ ಧಮ್ಮ ಚಿಂತನೆ: ಗಾಡಿಯ ಸದ್ದು



ಪಟಿಚ್ಚಸಮುಪ್ಪಾದ ಎಂಬ ಮಾತು ಬಂದರೆ ಸಾಕು, ಅದು ಭಂತೇಜಿಯವರಿಗೆ ಬಿಟ್ಟ ವಿಷಯ ಎಂದು ನಮ್ಮಲ್ಲಿ ಕೆಲವರು ಸುಮ್ಮನಾಗುತ್ತಾರೆ. ಯಾವುದೂ ತಾನಾಗಿ ಹುಟ್ಟುವುದಿಲ್ಲ, ಕಾರಣಗಳು ಕೂಡಿ ಹುಟ್ಟುತ್ತದೆ, ಕಾರಣ ತೆಗೆದರೆ ನಿಲ್ಲುತ್ತದೆ. ತಿರುಳು ಇಷ್ಟೇ. ಒಳ್ಳೆಯ ಮೆಕ್ಯಾನಿಕ್ ಇದನ್ನು ದಿನವೂ ಮಾಡುತ್ತಾನೆ, ಅದರ ಹೆಸರು ಗೊತ್ತಿಲ್ಲದೆ.

ನಮ್ಮ ಬಳಗದ ತಮ್ಮನೊಬ್ಬನಿಗೆ ಹಳೆಯ ಪಿಕಪ್ ಗಾಡಿ ಇದೆ. ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್. ರಾತ್ರಿಯೆಲ್ಲ ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಹೊಡೆಯುತ್ತಾನೆ. ದೀಕ್ಷೆ ತೆಗೆದುಕೊಂಡ ಮೇಲೆ ಬಂಪರಿನ ನಿಂಬೆಹಣ್ಣು, ಮೆಣಸಿನಕಾಯಿ ಬಿಚ್ಚಿದ. ಆಯುಧಪೂಜೆಗೆ ಕುಂಬಳಕಾಯಿ ಒಡೆಯಲಿಲ್ಲ. ಎರಡೇ ತಿಂಗಳಿಗೆ ಗಾಡಿ ಗೊಂಯ್ ಎನ್ನತೊಡಗಿತು. "ಬ್ಯಾಡ ಬ್ಯಾಡ ಅಂತ ಬಡ್ಕೊಂಡೆ. ಇದ್ದ ಕಾವಲು ನೀನೇ ಬಿಚ್ಚಿ ಬಿಸಾಕ್ದೆ" ಎಂದರು ಅವರಮ್ಮ.

ಆ ತಾಯಿಯನ್ನು ಕಂಡು ನಗುವುದು ಸುಲಭ. ಆದರೆ ಮಗ ಹೈವೇಯಲ್ಲಿರುವಾಗ ರಾತ್ರಿ ಎರಡು ಗಂಟೆಗೆ ಎದ್ದು ಕೂರುವವರು ಅವರು, ನಾವಲ್ಲ. ಅವರ ಭಯ ನಿಜ. ಬೆರಳು ತೋರಿಸಿದ ಜಾಗ ಮಾತ್ರ ತಪ್ಪು.

ಮೆಕ್ಯಾನಿಕ್ ಏನನ್ನೂ ಬಿಚ್ಚುವ ಮೊದಲು ಕೇಳಿಸಿಕೊಂಡ. ನಿಂತಲ್ಲೇ ರೇಸ್ ಮಾಡಿದ, ಸದ್ದಿಲ್ಲ. ಎಂಜಿನ್ನಿನ ಮೇಲೆ ಅನುಮಾನ ಹೋಯಿತು. ಓಡಿಸುತ್ತಾ ನ್ಯೂಟ್ರಲ್‌ಗೆ ಹಾಕಿದ. ಸದ್ದು ಹಾಗೇ ಇದ್ದು, ಗಾಡಿ ನಿಧಾನವಾದಂತೆ ಸಣ್ಣಗಾಯಿತು. ಅಂದರೆ ಚಕ್ರದ ಜೊತೆ ತಿರುಗುವ ಏನೋ ಒಂದು. ಬ್ರೇಕ್ ಮುಟ್ಟಿದರೂ ಬದಲಾಗಲಿಲ್ಲ. ರಸ್ತೆ ಬದಲಾದರೂ ಅದೇ ಸದ್ದು, ಹಾಗಾಗಿ ಟೈರೂ ಇರಲಾರದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದ್ದರೆ ಗಾಡಿ ಎಳೆತ ಹಿಡಿಯುವಾಗ ಟಕ್ ಎನ್ನಬೇಕಿತ್ತು. ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಬಲಕ್ಕೆ ಎಳೆದ. ಭಾರ ಎಡಕ್ಕೆ ಬಿತ್ತು, ಸದ್ದು ಜೋರಾಯಿತು. ಎಡಕ್ಕೆ ಎಳೆದ, ತಗ್ಗಿತು. ಆಮೇಲೆ ಜಾಕಿ ಕೊಟ್ಟು ಎಡಗಡೆ ಮುಂದಿನ ಚಕ್ರ ಎತ್ತಿ, ಹಿಡಿದು ಅಲುಗಿಸಿದರೆ ಆಟವಿತ್ತು, ತಿರುಗಿಸಿದರೆ ಗರಗರ. ವೀಲ್ ಬೇರಿಂಗ್! ಹಾಗೇ ಓಡಿಸಿದ್ದರೆ ಒಂದು ರಾತ್ರಿ ಚಕ್ರವೇ ಕಳಚುತ್ತಿತ್ತೇನೋ.

ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಒಳಗಿನ ಗ್ರೀಸ್ ನೀರು ಕುಡಿದು ಬೆಳ್ಳಗಾಗಿತ್ತು, ಸೀಲ್ ಹರಿದಿತ್ತು. ಕೆರೆ ಕೋಡಿ ಹರಿದಾಗ ರಸ್ತೆಯ ಮೇಲಿನ ನೀರಲ್ಲಿ ಗಾಡಿ ದಾಟಿಸಿದ್ದು ಇವನಿಗೆ ಆಗ ನೆನಪಾಯಿತು. ಸೀಲ್ ಬದಲಿಸದೆ ಹೊಸ ಬೇರಿಂಗ್ ಹಾಕಿದರೆ ಮತ್ತೆ ಅದೇ ಗತಿ. ಸಾಲದ್ದಕ್ಕೆ ಓವರ್‌ಲೋಡ್. ಓವರ್‌ಲೋಡ್ ಏಕೆ? ಕಂತು ಕಟ್ಟಬೇಕು. ಕಂತು ಅಷ್ಟು ಭಾರವೇಕೆ? ಬ್ಯಾಂಕಿನಲ್ಲಿ ಸಿಗದೆ ಹೊರಗಿನ ಬಡ್ಡಿಗೆ ತಂದ ದುಡ್ಡು. ಜಾಮೀನಿಗೆ ಇಡಲು ಜಮೀನಿಲ್ಲ. ಜಮೀನು ಏಕಿಲ್ಲ ಎಂಬುದನ್ನು ಈ ಬಳಗಕ್ಕೆ ನಾನು ಬಿಡಿಸಿ ಹೇಳಬೇಕಿಲ್ಲ. ಬೇರಿಂಗಿನಿಂದ ಹೊರಟ ಪ್ರಶ್ನೆ ಅಜ್ಜನ ಕಾಲಕ್ಕೆ ಹೋಗಿ ಮುಟ್ಟಿತು. ಹಣೆಬರಹ ಎಂದು ಕೈ ತೊಳೆದುಕೊಳ್ಳುವವರಿಗೆ ಈ ಸರಪಳಿಯ ಒಂದು ಕೊಂಡಿಯೂ ಕಾಣದು. ಬಾಬಾಸಾಹೇಬರು ಇಡೀ ಜೀವನ ಹುಡುಕಿದ್ದು ಇವೇ ಕೊಂಡಿಗಳನ್ನು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡ ಬಾಬಾಸಾಹೇಬರು ತಮ್ಮ ಜನರಿಗೆ 22 ಪ್ರತಿಜ್ಞೆಗಳನ್ನು ಕೊಟ್ಟರು. ಮೊದಲಿನವು ಬಿಡುವುದರ ಬಗ್ಗೆ. 11ನೆಯದು ಅಷ್ಟಾಂಗ ಮಾರ್ಗ ಹಿಡಿಯುವುದರ ಬಗ್ಗೆ. ಆ ಮಾರ್ಗದ ಮೊದಲ ಅಂಗವೇ ಸಮ್ಮಾದಿಟ್ಠಿ, ಇದ್ದದ್ದನ್ನು ಇದ್ದ ಹಾಗೆ ನೋಡುವುದು. ನಮ್ಮ ಮನೆಗಳಲ್ಲಿ ಬಿಡುವ ಕೆಲಸ ಬೇಗ ಆಯಿತು. ಹಿಡಿಯುವುದು ತಡವಾಗುತ್ತಿದೆ. ನಿಂಬೆಹಣ್ಣು ಬಿಚ್ಚಿ, ಗ್ರೀಸನ್ನೂ ನೋಡದೆ ಗಾಡಿ ಓಡಿಸುವವನು ವಿಚಾರವಾದಿಯೇನಲ್ಲ, ಬರೀ ಸೋಮಾರಿ.

ತಮ್ಮ ಆ ಹಳೆಯ ಬೇರಿಂಗನ್ನು ಮನೆಗೆ ತಂದು ಅಮ್ಮನ ಕೈಗೆ ಕೊಟ್ಟನಂತೆ. ಅವರು ಸೆರಗಿನಲ್ಲಿ ಒರೆಸಿ, ತಿರುಗಿಸಿ, ಗುಳಿ ಬಿದ್ದ ಜಾಗವನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಕೇಳಿದರು: "ಇನ್ನೊಂದ್ ಕಡೇದೂ ಬಿಚ್ಸಿ ನೋಡ್ಸಿದ್ಯಾ?"

ಜೈಭೀಮ್ 🙏