ಬೆಟ್ಟ ಇಳಿಯುವುದೂ ಒಂದು ಸೇವೆ

ಕೊಡಚಾದ್ರಿಗೆ ಬಂದ ಭಕ್ತಾದಿಗಳು ಶ್ರೀ ಮೂಲ ಮೂಕಾಂಬಿಕೆಯ ದರ್ಶನ ಮಾಡಿ, ಸರ್ವಜ್ಞ ಪೀಠಕ್ಕೆ ಹೋಗಿ ಬಂದು, ಪ್ರಸಾದ ತಗೊಂಡ ಮೇಲೆ ಸಾಮಾನ್ಯವಾಗಿ ಹೇಳುವ ಮಾತು ಒಂದೇ. “ಆಯ್ತಪ್ಪ, ಯಾತ್ರೆ ಮುಗೀತು, ಇನ್ನು ಇಳಿಯೋದೇ.” ಹತ್ತುವಾಗ ಹೆಜ್ಜೆಗೊಂದು ನಾಮಸ್ಮರಣೆ ಇರುತ್ತದೆ. ಇಳಿಯುವಾಗ ಬಸ್ಸು ಸಿಗುತ್ತೋ ಇಲ್ವೋ, ಊಟಕ್ಕೆ ಎಲ್ಲಿ ನಿಲ್ಲಿಸೋದು, ಇದೇ ಮಾತು. ಆದರೆ ಈ ಕ್ಷೇತ್ರದ ಮಹಿಮೆಯೆಲ್ಲ ಇರುವುದೇ ಇಳಿಯುವುದರಲ್ಲಿ ಎಂಬುದನ್ನು ಭಕ್ತರು ತಿಳಿಯಬೇಕು.

ಕುಟಜ ಎಂಬ ಔಷಧೀಯ ಮರ ಬೆಳೆಯುವ ಗಿರಿಯಾದ್ದರಿಂದ ಇದು ಕುಟಜಾದ್ರಿ. ಜನರ ಬಾಯಲ್ಲಿ ಕೊಡಚಾದ್ರಿ ಆಯಿತು. ಸಮುದ್ರ ಮಟ್ಟದಿಂದ 1343 ಮೀಟರ್ ಎತ್ತರ. ಮೂಕಾಸುರನನ್ನು ಜಗನ್ಮಾತೆ ಸಂಹಾರ ಮಾಡಿದ್ದು ಇಲ್ಲಿ ಎಂದು ಸ್ಥಳಪುರಾಣ ಹೇಳುತ್ತದೆ. ಆ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ. ಹೇಳಬೇಕಾದ್ದು ಶ್ರೀ ಶಂಕರ ಭಗವತ್ಪಾದರ ಕಥೆ.

ಆಚಾರ್ಯರು ಈ ಗಿರಿಯ ಮೇಲೆ ತಪಸ್ಸು ಮಾಡಿದರು. ತಾಯಿ ಪ್ರತ್ಯಕ್ಷಳಾಗಿ ಏನು ಬೇಕು ಎಂದು ಕೇಳಿದಳು. ನೀನು ನನ್ನ ಜೊತೆ ನಮ್ಮ ನಾಡಿಗೆ ಬರಬೇಕು, ಅಲ್ಲಿ ನಿನ್ನನ್ನು ಪ್ರತಿಷ್ಠೆ ಮಾಡುತ್ತೇನೆ ಎಂದು ಆಚಾರ್ಯರು ಪ್ರಾರ್ಥಿಸಿದರು. ತಾಯಿ ಒಪ್ಪಿದಳು, ಒಂದು ಷರತ್ತು ಹಾಕಿದಳು. “ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ. ಎಲ್ಲಿಯೂ ತಿರುಗಿ ನೋಡಬಾರದು. ನೋಡಿದರೆ ನಾನು ಅಲ್ಲೇ ನಿಲ್ಲುತ್ತೇನೆ.” ಆಚಾರ್ಯರು ಮುಂದೆ, ತಾಯಿ ಹಿಂದೆ, ಹೀಗೆ ಬೆಟ್ಟ ಇಳಿಯಲು ಶುರು ಮಾಡಿದರು. ದಟ್ಟ ಕಾಡು, ಇಳಿಜಾರು. ಆಚಾರ್ಯರಿಗೆ ತಾಯಿ ಬರುತ್ತಿದ್ದಾಳೆ ಎಂಬುದಕ್ಕೆ ಇದ್ದ ಗುರುತು ಕಾಲ್ಗೆಜ್ಜೆಯ ಸದ್ದು ಒಂದೇ. ಕೆಳಗೆ ಕೊಲ್ಲೂರಿನ ಹತ್ತಿರ ಬರುತ್ತಿದ್ದಂತೆ ಗೆಜ್ಜೆಯ ಸದ್ದು ನಿಂತುಹೋಯಿತು. ಆಚಾರ್ಯರು ತಿರುಗಿ ನೋಡಿದರು. ತಾಯಿ ಅಲ್ಲೇ ನಿಂತಳು. ಇಂದಿಗೂ ಕೊಲ್ಲೂರಿನಲ್ಲಿ ನಿಂತಿದ್ದಾಳೆ.

ನೋಡಿ, ಇದು ಇಳಿಯುವ ಕಥೆ. ಸರ್ವಜ್ಞ ಪೀಠ ಅಂದರೆ ದೊಡ್ಡ ದೇವಸ್ಥಾನ ಇರಬಹುದು ಅಂತ ಅಂದುಕೊಂಡು ಬಂದವರಿಗೆ ಅಲ್ಲಿ ಕಾಣುವುದು ಒಂದು ಚಿಕ್ಕ ಕಲ್ಲಿನ ಮಂಟಪ, ಸುತ್ತ ಗಾಳಿ, ಮಂಜು. “ಇಷ್ಟೇನಾ?” ಅಂತ ಕೇಳುವವರೂ ಇದ್ದಾರೆ. ಇಷ್ಟೇ. ತಪಸ್ಸು ಫಲಿಸಿದ ಮೇಲೆ ಆಚಾರ್ಯರು ಅಲ್ಲಿ ಕೂರಲಿಲ್ಲ, ಇಳಿದರು. ತಾಯಿಯೂ ಇಳಿದಳು. ಪೀಠದಿಂದ ಕೆಳಗೆ ಚಿತ್ರಮೂಲ ಗುಹೆಯ ಕಡೆ ಜಿನುಗುವ ನೀರು ಕೂಡ ಹಾಗೇ. ಈ ಗಿರಿಯಲ್ಲಿ ಹುಟ್ಟುವ ಸೌಪರ್ಣಿಕೆ ಕಾಡಿನಲ್ಲಿ ಇಳಿದು ಕೊಲ್ಲೂರಿಗೆ ಬಂದು, ಅಲ್ಲಿ ಭಕ್ತರ ಸ್ನಾನಕ್ಕೆ ಒದಗಿ, ಮರವಂತೆಯಲ್ಲಿ ಸಮುದ್ರದ ಪಕ್ಕದವರೆಗೂ ಹೋಗಿ, ಅಲ್ಲಿ ತಿರುಗಿ ಗಂಗೊಳ್ಳಿಯ ಹತ್ತಿರ ಕಡಲು ಸೇರುತ್ತಾಳೆ.

ಇನ್ನು ಒಂದು ಪ್ರಶ್ನೆ ಬರುತ್ತದೆ. ತಿರುಗಿ ನೋಡಿದ್ದು ಆಚಾರ್ಯರ ತಪ್ಪಲ್ಲವೇ, ಅಷ್ಟು ದೊಡ್ಡವರಿಗೂ ಅನುಮಾನ ಬಂತೇ ಎಂದು ಕೆಲವರು ಕೇಳುತ್ತಾರೆ. ಹಾಗೆ ಅಪಹಾಸ್ಯ ಮಾಡುವುದು ಸರಿಯಲ್ಲ. ಹಿಂದೆ ಬರುತ್ತಿದ್ದವಳು ತಾಯಿ. ತಾಯಿಯ ಹೆಜ್ಜೆ ಸದ್ದು ನಿಂತರೆ ಮಗನಾದವನು ತಿರುಗಿ ನೋಡದೆ ಹೋಗುತ್ತಾನೆಯೇ? ಅಲ್ಲದೆ ಅವರು ತಿರುಗಿ ನೋಡದೇ ಇದ್ದಿದ್ದರೆ ಮಂಡಿ ನೋವಿನ ಅಜ್ಜಿಯಂದಿರು, ಕೈಗೂಸು ಎತ್ತಿಕೊಂಡ ಬಾಣಂತಿಯರು, ಕಾಲಿಲ್ಲದವರು, ಇವರಿಗೆಲ್ಲ ಕೈಗೆಟುಕುವಂತೆ ಅಮ್ಮ ತಪ್ಪಲಿನಲ್ಲಿ ಸಿಗುತ್ತಿದ್ದಳೇ? ಬೆಟ್ಟ ಹತ್ತಲಾಗದವರ ಪುಣ್ಯ ಅದು.

ಈಗ ಹೆಚ್ಚಿನವರು ನಿಟ್ಟೂರು ಕಡೆಯಿಂದ ಜೀಪಿನಲ್ಲಿ ಬಂದು ಜೀಪಿನಲ್ಲೇ ಇಳಿಯುತ್ತಾರೆ. ಜೀಪಿನವರು ಹಾರ್ನ್ ಹೊಡೆದರು ಅಂತ ಪೀಠದಿಂದ ಓಡಿಕೊಂಡು ಬರುವವರನ್ನು ನೋಡಿದರೆ ಭಯವಾಗುತ್ತದೆ. ಜಲ್ಲಿಕಲ್ಲಿನ ದಾರಿ, ಪಕ್ಕದಲ್ಲಿ ಪ್ರಪಾತ. ಜೀಪು ಹತ್ತು ನಿಮಿಷ ಕಾಯುತ್ತದೆ, ಮುರಿದ ಕಾಲು ಮೂರು ತಿಂಗಳು ಕಾಯಿಸುತ್ತದೆ. ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ಮಂಡಿ. ಮೈಭಾರವೆಲ್ಲ ಮುಂದಕ್ಕೆ ಬಿದ್ದು ಕಾಲ್ಬೆರಳು ಚಪ್ಪಲಿಗೆ ಒತ್ತುತ್ತದೆ. ಉಗುರು ಕತ್ತರಿಸಿಕೊಂಡು ಬರುವುದು, ಕೈಯಲ್ಲೊಂದು ಕೋಲು ಹಿಡಿಯುವುದು, ಜಾರುವ ಕಡೆ ಪಾದ ಅಡ್ಡ ಇಟ್ಟು ಇಳಿಯುವುದು, ಇಷ್ಟು ಮಾಡಿದರೆ ಸಾಕು. ಮಳೆಗಾಲದಲ್ಲಿ ಉಂಬಳ ಕಚ್ಚುತ್ತದೆ, ಉಪ್ಪು ಇಟ್ಟುಕೊಂಡಿರಿ, ಕಿರುಚಿ ಕುಣಿದು ಜಾರಿ ಬೀಳಬೇಡಿ. ತಂದ ಪ್ಲಾಸ್ಟಿಕ್ ಬಾಟಲಿ ವಾಪಸ್ ಒಯ್ಯಿರಿ. ತುಂಬಿದ ಬಾಟಲಿ ಹೊತ್ತು ಹತ್ತಿದವರಿಗೆ ಖಾಲಿ ಬಾಟಲಿ ಭಾರವಾಗುವುದು ಆಶ್ಚರ್ಯವೇ ಸರಿ. ನಡೆದು ಇಳಿಯುವವರು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಬೇಕು. ಸುತ್ತ ಇರುವುದು ಮೂಕಾಂಬಿಕಾ ಅಭಯಾರಣ್ಯದ ಕಾಡು.

ಜೀಪಿನ ಓಡಾಟ ಇಷ್ಟಿಲ್ಲದಿದ್ದ ಕಾಲದಲ್ಲಿ ಯಾತ್ರಿಕರು ಮೇಲೆ ಭಟ್ಟರ ಮನೆಯಲ್ಲಿ ಊಟ ಮಾಡಿ, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಕಾರೆಕಟ್ಟೆ ಕಡೆಯ ಕಾಲುದಾರಿಯಲ್ಲಿ ಇಳಿದು ಕೊಲ್ಲೂರು ಸೇರುತ್ತಿದ್ದರು. ಆ ದಿನಗಳದ್ದು ಎಂದು ಹೇಳುವ ಒಂದು ಪ್ರಸಂಗವಿದೆ.

ಬಯಲುಸೀಮೆಯ ಒಂದು ಕುಟುಂಬ. ಅಣ್ಣ, ತಮ್ಮ, ಅವರ ವೃದ್ಧ ತಂದೆ, ಅಣ್ಣನ ಐದು ವರ್ಷದ ಮಗ. ಆ ಮಗುವಿಗೆ ಮಾತು ಬಂದಿರಲಿಲ್ಲ. ಮೂಕನಿಗೂ ಮಾತು ಕೊಡುವ ತಾಯಿ ಎಂದು ನಂಬಿ ಬಂದವರು. ಅಣ್ಣ ಒಂದು ಹರಕೆ ಹೊತ್ತಿದ್ದ. ಆಚಾರ್ಯರಿಂದ ಆಗದ್ದನ್ನು ನಾನು ಮಾಡುತ್ತೇನೆ, ಇಲ್ಲಿಂದ ಕೊಲ್ಲೂರಿನವರೆಗೆ ತಿರುಗಿ ನೋಡದೆ ನಡೆಯುತ್ತೇನೆ, ಮಗನಿಗೆ ಮಾತು ಕೊಡು ತಾಯಿ ಅಂತ.

ಬೆಳಿಗ್ಗೆ ಹೊರಡುವಾಗ ಭಟ್ಟರು ಹೇಳಿದರು, “ಮುದುಕರನ್ನು ಮುಂದೆ ಬಿಡಿ ಮಾರಾಯ್ರೆ. ಇಳಿಯುವಾಗ ಯಾರು ಎಲ್ಲರಿಗಿಂತ ನಿಧಾನವೋ ಅವರು ಮುಂದೆ ಇರಬೇಕು.” ಅಣ್ಣ ಹರಕೆಯ ವಿಷಯ ಹೇಳಿದ. ಭಟ್ಟರು ಸುಮ್ಮನಾದರು. ಹರಕೆ ಅಂದ ಮೇಲೆ ಯಾರು ಏನು ಹೇಳುವುದು?

ಮುಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಮ್ಮ, ಮಧ್ಯೆ ಅಣ್ಣ, ಹಿಂದೆ ತಂದೆ. ಮುದುಕರಿಗೆ ಒಂದು ಅಭ್ಯಾಸ. ಕಾಲು ಕೆಳಗಿಟ್ಟಾಗಲೆಲ್ಲ “ಅಮ್ಮಾ ತಾಯಿ” ಅನ್ನುವುದು. ಅದು ಭಕ್ತಿಯೋ ಮಂಡಿ ನೋವೋ ಹೇಳುವುದು ಕಷ್ಟ. ಒಂದು ತಾಸು ಕೇಳಿ ಕೇಳಿ ಅಣ್ಣನಿಗೆ ಬೇಸರವೂ ಬಂದಿತ್ತು. ಮಂಜು ಕವಿಯಿತು, ತಮ್ಮ ತಿರುವು ದಾಟಿ ಕಣ್ಮರೆಯಾದ. ಸ್ವಲ್ಪ ಹೊತ್ತಿಗೆ “ಅಮ್ಮಾ ತಾಯಿ” ನಿಂತಿತು.

ಅಣ್ಣ “ಅಪ್ಪಾ” ಅಂತ ಮುಂದೆ ನೋಡಿಕೊಂಡೇ ಕೂಗಿದ. ಉತ್ತರ ಇಲ್ಲ. ಕುಂತಿರಬೇಕು, ಬರ್ತಾರೆ ಅಂದುಕೊಂಡು ಹತ್ತು ಹೆಜ್ಜೆ ಹೋದ. ಮತ್ತೆ ಕೂಗಿದ. ತಿರುಗಿದರೆ ಮಗನ ಮಾತು ಹೋಗುತ್ತದೆ, ತಿರುಗದಿದ್ದರೆ ಅಪ್ಪ. ಇನ್ನೂ ಹತ್ತು ಹೆಜ್ಜೆ ಹೋದ ಎನ್ನುತ್ತಾರೆ. ಅಲ್ಲಿ ನಿಂತು ಅತ್ತ. ಆಮೇಲೆ ತಿರುಗಿ ಮೇಲಕ್ಕೆ ಓಡಿದ.

ಮುದುಕರು ದಾರಿಯ ಅಂಚಿನಿಂದ ಜಾರಿ ಒಂದು ಆಳು ಕೆಳಗೆ ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದರು. ಹಣೆಯಲ್ಲಿ ರಕ್ತ, ಪಾದ ಉಳುಕಿತ್ತು, ಕೂಗಲು ಉಸಿರಿರಲಿಲ್ಲ. ಮಗನನ್ನು ನೋಡಿ ಮೊದಲು ಅಂದದ್ದು, “ಯಾಕೋ ತಿರುಗಿದೆ? ಹುಡುಗನ ಗತಿ ಏನು?” ಮಗ ಉತ್ತರ ಕೊಡಲಿಲ್ಲ. ಮೇಲಕ್ಕೆ ಎಳೆದು, ಹಣೆಗೆ ಟವಲು ಸುತ್ತಿ, ಅಪ್ಪನನ್ನು ಉಪ್ಪುಮೂಟೆ ಹೊತ್ತುಕೊಂಡು ಇಳಿದ. ಅಣ್ಣ ತಮ್ಮ ಸರದಿ ಮೇಲೆ ಹೊತ್ತರು. ಮಗು ನಡೆದುಕೊಂಡೇ ಬಂತು.

ಕೊಲ್ಲೂರು ಸೇರುವಾಗ ಕತ್ತಲಾಗಿತ್ತು. ಗುಡಿಯಲ್ಲಿ ಅಣ್ಣ ಒಬ್ಬ ಹಿರಿಯ ಅರ್ಚಕರ ಕಾಲಿಗೆ ಬಿದ್ದು, ಹರಕೆ ಮುರಿಯಿತು ಸ್ವಾಮಿ, ಪ್ರಾಯಶ್ಚಿತ್ತ ಹೇಳಿ ಎಂದ. ಅವರು ನಡೆದದ್ದನ್ನೆಲ್ಲ ಕೇಳಿ, “ಸದ್ದು ನಿಂತದ್ದಕ್ಕೆ ತಿರುಗಿದ್ದು ತಾನೇ? ಆಚಾರ್ಯರೂ ಅದಕ್ಕೇ ತಿರುಗಿದ್ದು. ಪ್ರಾಯಶ್ಚಿತ್ತ ಬೇಕಾದರೆ ಆ ಇಪ್ಪತ್ತು ಹೆಜ್ಜೆಗೆ ಮಾಡಿಕೋ” ಅಂದು ರಾತ್ರಿ ಪೂಜೆಗೆ ಹೋದರಂತೆ. ಪೂಜೆಯಾದ ಮೇಲೆ ಕಷಾಯ ಹಂಚಿದರು. ಕೊಲ್ಲೂರಿನ ರಾತ್ರಿಯ ಕಷಾಯ ಪ್ರಸಿದ್ಧವಾದದ್ದು. ಅಸ್ವಸ್ಥರಾಗಿದ್ದ ಆಚಾರ್ಯರಿಗೆ ತಾಯಿಯೇ ಮಾಡಿ ಕೊಟ್ಟದ್ದು ಎಂಬ ನಂಬಿಕೆ ಇದೆ. ಮಗು ಒಂದು ಗುಟುಕು ಕುಡಿದು, ಖಾರಕ್ಕೆ ಮುಖ ಕಿವುಚಿ, ಉಳಿದದ್ದನ್ನು ತಾತನ ಕೈಗೆ ಕೊಟ್ಟಿತು.

ಮರುವರ್ಷ ಅವರು ಮತ್ತೆ ಬಂದರು. ಮಗುವಿಗೆ ಆಗ ನಾಲ್ಕಾರು ಮಾತು ಬರುತ್ತಿತ್ತು, ಪೂರ್ತಿ ಅಲ್ಲ. ಮುದುಕರು ಬೆಟ್ಟಕ್ಕೆ ಬರಲಿಲ್ಲ, ಕೊಲ್ಲೂರಿನಲ್ಲೇ ಅಮ್ಮನ ಎದುರು ಕೂತರು. ಅಣ್ಣ ಮಗನ ಜೊತೆ ನಡೆದು ಹತ್ತಿ, ಭಟ್ಟರ ಮನೆಯಲ್ಲಿ ಒಂದು ರಾತ್ರಿ ಇದ್ದು, ಬೆಳಿಗ್ಗೆ ಹುಡುಗನನ್ನು ಮುಂದೆ ಬಿಟ್ಟು ತಾನು ಹಿಂದಿನಿಂದ ಇಳಿದು ಹೋದ.