ಕಠಾರಿಯೂ ನಿಷ್ಠೆಯೂ

ಪಾಪಕಾರ್ಯದ ಕುರುಹಾದ ವಸ್ತುವನ್ನು ಸಜ್ಜನನು ಬೆಲೆಗೊಟ್ಟು ಕೊಂಡು ಮನೆಯಲ್ಲಿ ಕಾಪಾಡಬಹುದೆ? ಈ ಪ್ರಶ್ನೆ ಮೇಲುನೋಟಕ್ಕೆ ಅಲ್ಪವೆಂದು ತೋರಿದರೂ ವಿಚಾರಿಸುತ್ತ ಹೋದಂತೆ ಅದರೊಳಗೆ ಮತ್ತೊಂದು ದೊಡ್ಡ ಪ್ರಶ್ನೆ ಅಡಗಿರುವುದು ಕಾಣುತ್ತದೆ. ನಿಷ್ಠೆಯೆಂಬ ಗುಣವು ತನ್ನಷ್ಟಕ್ಕೆ ತಾನೇ ಧರ್ಮವೆ, ಅಥವಾ ಅದರ ವಿಷಯವು ಧರ್ಮ್ಯವಾಗಿದ್ದಾಗ ಮಾತ್ರ ಅದು ಧರ್ಮವೆನಿಸುವುದೆ ಎಂಬುದೇ ಆ ಪ್ರಶ್ನೆ. ಹಿಟ್ಲರನ ಕಾಲದ ಜರ್ಮನ್ ಕಠಾರಿಗಳನ್ನು ಹುಡುಕಿ ಪರೀಕ್ಷಿಸಿ ಸಂಗ್ರಹಿಸುವ ಹವ್ಯಾಸವು ಯೂರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ಬೇರೂರಿರುವುದರಿಂದ, ಅದನ್ನೇ ಉದಾಹರಣೆಯಾಗಿ ಹಿಡಿದು, ನಮ್ಮ ಹಾರನಹಳ್ಳಿಗೆ ದೂರವಲ್ಲದ ಹಳೇಬೀಡಿನ ಒಂದು ಕಂಬದ ಸಾಕ್ಷ್ಯದೊಡನೆ ಈ ವಿಚಾರವನ್ನು ವಾಚಕರ ಮುಂದಿಡುತ್ತೇನೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. 1933ನೆಯ ಇಸವಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಆ ವರ್ಷದ ಡಿಸೆಂಬರಿನಲ್ಲಿ ಅವನ ಪಕ್ಷದ ಎರಡು ಪಡೆಗಳಿಗೆ, ಎಂದರೆ ಎಸ್.ಎ. ಎಂಬ ಕಂದು ಅಂಗಿಯ ದಳಕ್ಕೂ ಎಸ್.ಎಸ್. ಎಂಬ ಕರಿಯ ಉಡುಪಿನ ದಳಕ್ಕೂ, ಸಮವಸ್ತ್ರದ ಅಂಗವಾಗಿ ಕಠಾರಿಗಳು ವಿಧಿಸಲ್ಪಟ್ಟವು. ಅವುಗಳ ಆಕಾರವು 16ನೆಯ ಶತಮಾನದ ಸ್ವಿಸ್ ಕಠಾರಿಯ ಅನುಕರಣ. ಶತಮಾನಗಳಿಂದ ಅಲಗಿನ ಕೆಲಸಕ್ಕೆ ಹೆಸರಾದ ಸೋಲಿಂಗನ್ ಪಟ್ಟಣದ ಕಾರ್ಖಾನೆಗಳಲ್ಲಿ ಅವುಗಳಲ್ಲಿ ಬಹುಪಾಲು ಸಿದ್ಧವಾದವು. ಎಸ್.ಎ. ಕಠಾರಿಯ ಅಲಗಿನ ಮೇಲೆ ‘ಎಲ್ಲವೂ ಜರ್ಮನಿಗಾಗಿ’ ಎಂಬರ್ಥದ ವಾಕ್ಯವೂ, ಎಸ್.ಎಸ್. ಕಠಾರಿಯ ಮೇಲೆ ‘ನಿಷ್ಠೆಯೇ ನನ್ನ ಮಾನ’ ಎಂಬರ್ಥದ ವಾಕ್ಯವೂ ಆಮ್ಲದಿಂದ ಕೊರೆಯಲ್ಪಟ್ಟಿದ್ದವು.

1945ರಲ್ಲಿ ಜರ್ಮನಿ ಸೋತಾಗ ಗೆದ್ದ ಸೈನಿಕರು ಇವನ್ನು ನೆನಪಿನ ಕಾಣಿಕೆಯೆಂದು ತಮ್ಮ ತಮ್ಮ ದೇಶಗಳಿಗೆ ಒಯ್ದರು. ಬೇಡಿಕೆ ಹೆಚ್ಚಿದಂತೆ ಉಳಿದ ಬಿಡಿಭಾಗಗಳನ್ನು ಜೋಡಿಸಿ ಮಾರುವವರೂ, ಹೊಸದಾಗಿ ಮಾಡಿ ಹಳೆಯದೆಂದು ಮಾರುವವರೂ ಹುಟ್ಟಿದರು. ಆದಕಾರಣ ಪರೀಕ್ಷೆಯೆಂಬುದು ಒಂದು ಶಾಸ್ತ್ರವೇ ಆಗಿದೆ. ಮೊದಲಿನ ಕಠಾರಿಗಳ ಲೋಹದ ಅಂಗಗಳು ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹದವು. ಅನಂತರದವು ಮುಲಾಮು ಹಾಕಿದ ಸತುವಿನವು. ಮೊದಲಿನವುಗಳಲ್ಲಿ ಕಾರ್ಖಾನೆಯ ಸ್ವಂತ ಮುದ್ರೆ ಇರುತ್ತದೆ; ಕೆಲವು ವರ್ಷಗಳ ತರುವಾಯ ಅದರ ಸ್ಥಾನದಲ್ಲಿ ಪಕ್ಷದ ಸಾಮಗ್ರಿ ಕಚೇರಿಯ ‘ಆರ್.ಝಡ್.ಎಂ.’ ಎಂಬ ಮುದ್ರೆಯೂ ಸಂಖ್ಯೆಯೂ ಬಂದವು. ಹಿಡಿಯ ಮರ, ಅಕ್ಷರಗಳ ಆಳ, ಅಡ್ಡಪಟ್ಟಿಯ ಕೂಡುಗೆ ಇವೆಲ್ಲವನ್ನೂ ನಿಪುಣರು ನೋಡುತ್ತಾರೆ. ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ಮುಂದೆ ನಿಂತು, ನಾಲ್ಕು ಕೈಗಳಲ್ಲಿ ಶಂಖ ಚಕ್ರ ಗದಾ ಪದ್ಮಗಳಿರುವ ಕ್ರಮವನ್ನು ನೋಡಿ ಇವನು ಕೇಶವ, ಇವನು ಮಾಧವ ಎಂದು ನಿರ್ಣಯಿಸುವ ಬುದ್ಧಿಯೂ ಇದೇ ಜಾತಿಯದು. ಇಂಥ ಸೂಕ್ಷ್ಮದೃಷ್ಟಿಯು ತನ್ನಷ್ಟಕ್ಕೆ ನಿಂದ್ಯವೆಂದು ಯಾರೂ ಹೇಳಲಾರರು.

ಇನ್ನು ಪೂರ್ವಪಕ್ಷ. ಸಂಗ್ರಾಹಕರು ಹೇಳುವುದೇನೆಂದರೆ, ವಸ್ತುವು ಜಡ. ಪಾಪವು ಕರ್ತೃವಿಗೆ ಅಂಟುವುದೇ ಹೊರತು ಕರಣಕ್ಕೆ ಅಂಟದು. ಕೊಲೆಗಾರನ ಕೈಯಲ್ಲಿದ್ದ ಕತ್ತಿಯನ್ನು ತೊಳೆದರೆ ಅದು ತರಕಾರಿಯನ್ನೂ ಹೆಚ್ಚುವುದು. ಈ ವಾದವು ಅಡಿಗೆಮನೆಯ ಕತ್ತಿಗೆ ಸಲ್ಲುತ್ತದೆ. ಆದರೆ ಪ್ರಕೃತ ಕಠಾರಿಯನ್ನು ಮಾಡಿದ್ದು ಮುಖ್ಯವಾಗಿ ಇರಿಯುವುದಕ್ಕಲ್ಲ, ಧರಿಸಿ ತೋರಿಸುವುದಕ್ಕೆ. ತಾನು ಯಾರ ಆಳು, ಯಾವ ಪ್ರತಿಜ್ಞೆಗೆ ಕಟ್ಟುಬಿದ್ದವನು ಎಂಬುದನ್ನು ಸಾರುವುದೇ ಅದರ ಪ್ರಯೋಜನ. ಎಂದಮೇಲೆ ಅದರಲ್ಲಿ ಉಕ್ಕಿಗಿಂತ ಅಕ್ಷರವೇ ಪ್ರಧಾನ. ಅಕ್ಷರವನ್ನು ಜಡವೆಂದು ತಳ್ಳಿಹಾಕುವಂತಿಲ್ಲ.

ಆ ಅಕ್ಷರದ ಯೋಗ್ಯತೆ ಏನೆಂಬುದಕ್ಕೆ ಆ ಕಠಾರಿಗಳೇ ಸಾಕ್ಷಿ ನುಡಿಯುತ್ತವೆ. 1934ರ ಮೊದಲಲ್ಲಿ ಎಸ್.ಎ. ದಳದ ಮುಖ್ಯಸ್ಥ ಅರ್ನ್ಸ್ಟ್ ರೋಮ್ ಎಂಬವನು ತನ್ನ ಹಳೆಯ ಅನುಚರರಿಗೆ, ‘ಹೃತ್ಪೂರ್ವಕ ಸ್ನೇಹದಿಂದ’ ಎಂಬರ್ಥದ ಮಾತನ್ನೂ ತನ್ನ ಹೆಸರನ್ನೂ ಅಲಗಿನ ಮೇಲೆ ಕೆತ್ತಿಸಿ ಕಠಾರಿಗಳನ್ನು ಕೊಡಿಸಿದನು. ಅವನೂ ಸಾಧುವಲ್ಲ, ಬೀದಿಯ ಹಿಂಸೆಯಿಂದ ಮೇಲೇರಿದವನೇ. ಅದೇ ವರ್ಷದ ಜೂನ್ 30ರಂದು ಹಿಟ್ಲರನು ಅವನನ್ನು ಸೆರೆಹಿಡಿಸಿದನು, ಮರುದಿನ ಕೊಲ್ಲಿಸಿದನು. ಆ ಸಂಹಾರವನ್ನು ನಡೆಸಿದವರು ಮುಖ್ಯವಾಗಿ ‘ನಿಷ್ಠೆಯೇ ನನ್ನ ಮಾನ’ ಎಂದು ಬರೆದ ಕಠಾರಿಯನ್ನು ಸೊಂಟಕ್ಕೆ ಕಟ್ಟಿದವರು. ತರುವಾಯ ರೋಮನ ಹೆಸರನ್ನು ಉಜ್ಜಿ ಅಳಿಸಬೇಕೆಂಬ ಅಪ್ಪಣೆ ಹೊರಟಿತು. ನಿನ್ನೆ ಸ್ನೇಹದ ಕಾಣಿಕೆಯೆಂದು ಕಣ್ಣಿಗೊತ್ತಿಕೊಂಡವರೇ ಇಂದು ಅರ ಹಿಡಿದು ಅಳಿಸಿದರು. ಅಳಿಸದೆ ಉಳಿದವು ವಿರಳವಾದುದರಿಂದ ಅವುಗಳಿಗೇ ಇಂದು ಬೆಲೆ ಹೆಚ್ಚು; ಉಜ್ಜಿದವುಗಳಿಗೆ ಕಡಿಮೆ.

ಇಲ್ಲಿ ನಮಗೆ ಎರಡು ಸಂಗತಿಗಳು ತಿಳಿಯುತ್ತವೆ. ಆ ನಿಷ್ಠೆಗೆ ಧರ್ಮವಾಗಲಿ, ಸ್ನೇಹವಾಗಲಿ, ದೇಶವಾಗಲಿ ವಿಷಯವಾಗಿರಲಿಲ್ಲ. ಬಲವಂತನ ಇಚ್ಛೆಯೊಂದೇ ವಿಷಯವಾಗಿತ್ತೆಂಬುದು ಮೊದಲನೆಯದು. ಬೆಲೆಯು ವಿರಳತೆಯನ್ನು ಅಳೆಯಬಲ್ಲುದೇ ಹೊರತು ಅರ್ಥವನ್ನು ಅಳೆಯಲಾರದೆಂಬುದು ಎರಡನೆಯದು. ವಿಚಾರಿಸಿ ನೋಡಿದರೆ ಉಜ್ಜಿದ ಅಲಗೇ ಹೆಚ್ಚು ಸತ್ಯವನ್ನು ಹೇಳುತ್ತದೆ; ಪೇಟೆಯಾದರೋ ಅದನ್ನು ಕೆಟ್ಟ ಮಾಲೆನ್ನುತ್ತದೆ.

ಈಗ ಹಳೇಬೀಡಿನ ಕಂಬಕ್ಕೆ ಬರೋಣ. ಹೊಯ್ಸಳೇಶ್ವರ ದೇವಾಲಯದ ಬಳಿ ವೀರಬಲ್ಲಾಳನ ಆಪ್ತನಾದ ಕುವರಲಕ್ಷ್ಮನ ಸ್ಮಾರಕಸ್ತಂಭವಿದೆ. ಒಡೆಯನ ತರುವಾಯ ತಾನು ಬದುಕಿರೆನೆಂದು ಪ್ರತಿಜ್ಞೆಮಾಡಿದ ‘ಗರುಡ’ರ ಪಂಕ್ತಿಗೆ ಸೇರಿದವನು ಅವನು. 1220ರ ಸುಮಾರಿನಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮನೂ ಅವನ ಪತ್ನಿಯೂ ಸಂಗಡಿಗರೂ ಪ್ರಾಣವನ್ನು ಒಪ್ಪಿಸಿದರು. ತಮ್ಮ ಕೈಯ ಕತ್ತಿಯಿಂದಲೇ ತಮ್ಮ ಅಂಗಗಳನ್ನು ಕತ್ತರಿಸಿಕೊಳ್ಳುತ್ತಿರುವ ಪುರುಷರನ್ನು ಆ ಕಂಬದಲ್ಲಿ ಕಂಡರಿಸಿದೆ. ಅಲ್ಲಿಯೂ ನಿಷ್ಠೆ, ಅಲ್ಲಿಯೂ ಕಠಾರಿ.

ಇದನ್ನು ಆದರ್ಶವೆಂದು ನಾನು ಹೇಳುವುದಿಲ್ಲ. ಸತ್ತ ಪ್ರಭುವಿಗೆ ಅದರಿಂದ ಉಪಕಾರವಾಗಲಿಲ್ಲ. ಬದುಕಿದ್ದರೆ ನಾಡಿಗೆ ಆಗುತ್ತಿದ್ದ ಉಪಕಾರ ತಪ್ಪಿತು. ಆದರೂ ಒಂದು ಭೇದವನ್ನು ಮರೆಯಲಾಗದು. ಗರುಡನು ತನ್ನ ಪ್ರತಿಜ್ಞೆಯ ಬೆಲೆಯನ್ನು ತನ್ನ ದೇಹದಿಂದ ಕೊಟ್ಟನು. ಎಸ್.ಎಸ್. ದಳದವರು ತಮ್ಮ ಪ್ರತಿಜ್ಞೆಯ ಬೆಲೆಯನ್ನು ಪರರ ದೇಹಗಳಿಂದ ಕೊಡಿಸಿದರು. ಅವರ ಆಡಳಿತದಲ್ಲಿದ್ದ ಶಿಬಿರಗಳೂ ಸೇರಿದಂತೆ ಆ ರಾಜ್ಯವು ಕೊಂದ ಯೆಹೂದ್ಯರ ಸಂಖ್ಯೆಯೇ ಸುಮಾರು 60 ಲಕ್ಷ. ‘ಅಪ್ಪಣೆಯಾಗಿತ್ತು, ಮಾಡಿದೆವು’ ಎಂದು ಅವರಲ್ಲನೇಕರು ಅನಂತರ ನ್ಯಾಯಾಲಯಗಳಲ್ಲಿ ಹೇಳಿಕೊಂಡರು. ವಿವೇಕವನ್ನು ಒಡೆಯನಲ್ಲಿ ಅಡವಿಟ್ಟವನ ನಿಷ್ಠೆಯು ಗುಣವೆನಿಸದು. ಅದು ಇತರ ದೋಷಗಳಿಗೆಲ್ಲ ಬಾಗಿಲು ತೆರೆಯುವ ದೋಷ.

ಹಾಗಾದರೆ ಈ ಕಠಾರಿಗಳನ್ನೆಲ್ಲ ಕರಗಿಸಿಬಿಡಬೇಕೆ? ಅದೂ ಯುಕ್ತವಲ್ಲ. ಸಾಕ್ಷ್ಯವನ್ನು ನಾಶಮಾಡಿದರೆ ಅಪರಾಧಿಗೇ ಅನುಕೂಲ. ಮಂತ್ರಕ್ಕೆ ವಿನಿಯೋಗವಿರುವಂತೆ ವಸ್ತುವಿಗೂ ವಿನಿಯೋಗವುಂಟು. ನಮ್ಮ ಗೃಹಿಣಿಯರು ಹೊಸ್ತಿಲಲ್ಲಿ ಬರೆಯುವ ಸ್ವಸ್ತಿಕವೂ ಆ ಕಠಾರಿಯ ಹಿಡಿಯ ಚಿಹ್ನೆಯೂ ರೇಖೆಯಲ್ಲಿ ನೆಂಟರಾದರೂ ವಿನಿಯೋಗದಲ್ಲಿ ಶತ್ರುಗಳಲ್ಲವೆ? ಜರ್ಮನಿಯ ಇಂದಿನ ಶಾಸನವು ಈ ಭೇದವನ್ನು ಬಲ್ಲುದು. ಆ ಚಿಹ್ನೆಗಳ ಬಹಿರಂಗ ಪ್ರದರ್ಶನವನ್ನು ಅದು ನಿಷೇಧಿಸಿದರೂ ಶಿಕ್ಷಣ, ಸಂಶೋಧನೆ, ಇತಿಹಾಸಕಥನಗಳಿಗೆ ಅವಕಾಶವಿಟ್ಟಿದೆ. 2019ರಲ್ಲಿ ಮ್ಯೂನಿಕ್ ನಗರದಲ್ಲಿ ಹಿಟ್ಲರನ ಟೋಪಿ ಮೊದಲಾದವು ಹರಾಜಾದಾಗ, ಲೆಬನಾನಿನ ಮೂಲದ ಅಬ್ದಲ್ಲಾ ಶಾಟಿಲಾ ಎಂಬ ಸ್ವಿಸ್ ವರ್ತಕರು ಹಲವನ್ನು ಕೊಂಡು, ಅವು ದುಷ್ಟಾಭಿಮಾನಿಗಳ ಪಾಲಾಗಬಾರದೆಂದು ಯೆಹೂದ್ಯರ ಸಂಸ್ಥೆಯೊಂದಕ್ಕೆ ಒಪ್ಪಿಸಿದರು. ಕೊಂಡದ್ದು ಅದೇ ವಸ್ತು, ಕೊಟ್ಟದ್ದು ಅದೇ ಹಣ. ವಿನಿಯೋಗದಿಂದ ಕ್ರಯವೇ ಪ್ರಾಯಶ್ಚಿತ್ತದಂತಾಯಿತು.

ಆದುದರಿಂದ ಸಂಗ್ರಾಹಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಆ ಕಠಾರಿಯನ್ನು ತೂಗುಹಾಕಿದ ಕೋಣೆಗೆ, ಅದರ ಒಡೆಯರ ಕೈಯಲ್ಲಿ ಬಂಧುಗಳನ್ನು ಕಳೆದುಕೊಂಡವನೊಬ್ಬನು ಬಂದರೆ ನಾನು ಅದನ್ನು ಮುಚ್ಚಿಡುವೆನೆ? ಅದನ್ನು ತೋರಿಸುವಾಗ ಮಾಡಿದವನ ಮುದ್ರೆಯ ಜೊತೆಗೆ ಸತ್ತವರ ಕಥೆಯನ್ನೂ ಹೇಳುವೆನೆ? ನಾಳೆ ಅದರ ಬೆಲೆ ಕಾಸಿಗೆ ಇಳಿದರೂ ಇಷ್ಟೇ ಶ್ರದ್ಧೆಯಿಂದ ಕಾಪಾಡುವೆನೆ? ಮೊದಲನೆಯದಕ್ಕೆ ‘ಇಲ್ಲ’ ಎಂದೂ ಉಳಿದೆರಡಕ್ಕೆ ‘ಅಹುದು’ ಎಂದೂ ನಿಷ್ಕಪಟವಾಗಿ ಹೇಳಬಲ್ಲವನು ಇತಿಹಾಸದ ಕಾವಲುಗಾರ. ಹೇಳಲಾರದವನು, ತಾನು ಅರಿಯದೆಯೇ, ಆ ಅಕ್ಷರಗಳ ಪ್ರತಿಜ್ಞೆಯನ್ನು ಇನ್ನೊಂದು ತಲೆಮಾರಿಗೆ ಹೊತ್ತು ಸಾಗಿಸುವವನು.

ನಮ್ಮ ಸೀಮೆಯ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಆಯುಧವಿಲ್ಲದ ಕಲ್ಲು ಅಪರೂಪ. ಆದರೆ ಅವನ್ನು ನಿಲ್ಲಿಸಿದ್ದು ಆಯುಧಕ್ಕಾಗಿಯಲ್ಲ. ತುರುಗಳನ್ನೋ ಊರನ್ನೋ ಕಾಯಲು ಹೋಗಿ ಮಡಿದವನಿಗಾಗಿ ಅವು ನಿಂತಿವೆ. ಆಯುಧವನ್ನು ನೆನೆಯುವ ಕ್ರಮವನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಸಂಗ್ರಾಹಕರು ಅದನ್ನು ಅನುಸರಿಸುವುದು ಶ್ರೇಯಸ್ಕರ.