ನೇತ್ರಾಣಿಯ ಹರಕೆಯ ಆಡು

ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದಕ್ಕೂ ಕಡಲ ದಂಡೆಯಿಲ್ಲ. ಹತ್ತಿರದ್ದೆಂದರೆ 1987ರಲ್ಲಿ ಘೋಷಿತವಾದ ಅಣಶಿ. ಅದು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಆ ಹೆಸರಿನ ಹೊಳೆ ಸಮುದ್ರ ಸೇರುವುದು ಕಾರವಾರದ ಬಳಿ. ಆದರೆ ಕಡಲು, ಕಾಡು, ಪ್ರಾಣಿ ಮೂರೂ ಒಂದೇ ಕಡೆ ಸಿಗುವ ಜಾಗವೊಂದು ಮುರುಡೇಶ್ವರದ ಎದುರಿಗಿದೆ: ನೇತ್ರಾಣಿ ನಡುಗಡ್ಡೆ. ಕನಮಡಿಯಂಥ ಬಯಲುಸೀಮೆಯ ಊರಿನಿಂದ ಗೋಕರ್ಣ, ಮುರುಡೇಶ್ವರಕ್ಕೆ ಬಂದ ಯಾತ್ರಿಕರಿಗೆ ಅದು ದೂರದ ಗುಡ್ಡದಂತಷ್ಟೇ ಕಾಣುತ್ತದೆ. ದೋಣಿ ಹತ್ತಿ ಅತ್ತ ಹೋಗುವವರಲ್ಲಿ ಹೆಚ್ಚಿನವರು ಹವಳ ಮತ್ತು ಮೀನು ನೋಡಲು ನೀರಿಗಿಳಿಯುವವರು. ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡುಗಳಿವೆ. ಜೊತೆಗೆ ಕಾಡುಬಿದ್ದ ಆಡುಗಳೂ ಇವೆ. ಧರ್ಮಜಿಜ್ಞಾಸೆಗೆ ವಸ್ತುವಾಗುವುದು ಈ ಆಡುಗಳೇ.

ನಡುಗಡ್ಡೆಯ ದೈವ ಜಟ್ಟಿಗ. ಕಡಲಿಗೆ ಹೋಗುವ ಮೀನುಗಾರರು ಅವನಿಗೆ ಹರಕೆ ಹೊತ್ತು ಆಡನ್ನು ಒಯ್ದು ಜೀವಂತವಾಗಿಯೇ ಅಲ್ಲಿ ಬಿಟ್ಟು ಬರುತ್ತಾರೆ. ಬಲಿಯ ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟೋ ಮೃದುವಾದ ಆಚಾರ. ಹಬ್ಬಕ್ಕೆ ತಂದ ಹರಕೆಯ ಕುರಿಯ ಬಗ್ಗೆ ಮರುಗಿ ವಚನ ಬರೆದ ಬಸವಣ್ಣ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ. ಆ ವಚನ ಕೇಳಿ ಬೆಳೆದವರಿಗೆ, ಕೊರಳು ಕೊಯ್ಯದೆ ಬಿಟ್ಟ ಆಡು ಸಮಾಧಾನ ಕೊಡುವುದು ಸಹಜ. ಜೈನ ದೃಷ್ಟಿಯಲ್ಲಿಯೂ ಅಭಯದಾನ ದಾನಗಳಲ್ಲಿ ದೊಡ್ಡದು.

ತೊಡಕು ಶುರುವಾಗುವುದು ಆಡು ಮೇಯಲು ತೊಡಗಿದ ಮೇಲೆ. ಬೇಟೆಯಾಡುವ ಮೃಗಗಳಿಲ್ಲದ ದ್ವೀಪದಲ್ಲಿ ಆಡಿನ ಸಂತತಿ ಹೆಚ್ಚುತ್ತದೆ, ಅದು ಎಳೆಸಸಿಗಳನ್ನು ತಿಂದುಹಾಕುತ್ತದೆ. ಮುದಿಮರ ಬಿದ್ದರೆ ಅದರ ಜಾಗಕ್ಕೆ ಇನ್ನೊಂದು ಏಳುವುದಿಲ್ಲ; ಮರವಿಲ್ಲದಿದ್ದರೆ ಹದ್ದಿಗೆ ಗೂಡಿಲ್ಲ. ದೇವರಿಗೆ ಕೊಟ್ಟದ್ದು ದೇವರ ಕಾಡನ್ನೇ ತಿನ್ನುತ್ತದೆ. ಗಿಡಕ್ಕೂ ಜೀವವುಂಟೆಂದು ಜೈನರು ಒಪ್ಪುತ್ತಾರೆ, ಆದರೆ ಅದು ಏಕೇಂದ್ರಿಯ, ಆಡು ಪಂಚೇಂದ್ರಿಯ. ಆ ಲೆಕ್ಕದಲ್ಲಿ ತೂಕ ಆಡಿನ ಕಡೆಗೇ ವಾಲುತ್ತದೆ.

ಪಶ್ಚಿಮದಲ್ಲಿ ಇದೇ ಜಗಳ ಬೇರೆ ಮಾತಿನಲ್ಲಿ ನಡೆದಿದೆ. 1949ರಲ್ಲಿ ಪ್ರಕಟವಾದ ಕೃತಿಯಲ್ಲಿ ಆಲ್ಡೊ ಲಿಯೋಪೋಲ್ಡ್ ಮಣ್ಣು, ನೀರು, ಗಿಡ, ಪ್ರಾಣಿಗಳ ಇಡೀ ಸಮುದಾಯದ ಒಳಿತೇ ಸರಿತಪ್ಪುಗಳ ಅಳತೆಗೋಲು ಎಂದ. ಇಡಿಯ ಹೆಸರಿನಲ್ಲಿ ಬಿಡಿ ಜೀವವನ್ನು ಬಲಿಕೊಡುವುದು ದಬ್ಬಾಳಿಕೆ ಎಂದು 1983ರಲ್ಲಿ ಟಾಮ್ ರೇಗನ್ ಎದುರು ವಾದಿಸಿದ. ಈಕ್ವೆಡಾರ್ ದೇಶದ ಗಲಾಪಗೋಸ್ ರಾಷ್ಟ್ರೀಯ ಉದ್ಯಾನದಲ್ಲಿ ಗೆದ್ದದ್ದು ಲಿಯೋಪೋಲ್ಡನ ಪಕ್ಷ. ಆಮೆಗಳ ಮೇವು ಉಳಿಸಲು 1997ರಿಂದ 2006ರವರೆಗಿನ ಯೋಜನೆಯೊಂದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಡುಗಳನ್ನು ಕೊಂದರು, ಬಹಳಷ್ಟನ್ನು ಹೆಲಿಕಾಪ್ಟರಿನಿಂದ ಗುಂಡಿಟ್ಟು. ಆಮೆಗಳಿಗೆ ಅದರಿಂದ ಒಳ್ಳೆಯದಾಯಿತು. ಆದರೂ ಹರಕೆಯ ಆಡಿಗೆ ಆ ದಾರಿ ಹಿಡಿಯಬಹುದೆಂದು ಹೇಳಲು ಗಟ್ಟಿ ಎದೆ ಬೇಕು.

ಕಾನೂನಿಗೆ ಈ ಗೊಂದಲವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ಸಾಕುಪ್ರಾಣಿ ಮೇಯುವಂತಿಲ್ಲ. ಹರಕೆಯದ್ದೋ ಹಟ್ಟಿಯದ್ದೋ ಎಂದು ಅದು ಕೇಳುವುದಿಲ್ಲ. ನೇತ್ರಾಣಿ ರಾಷ್ಟ್ರೀಯ ಉದ್ಯಾನವಲ್ಲದ್ದರಿಂದ ಆ ಕಟ್ಟು ಅಲ್ಲಿಗೆ ತಾಗದು. ನೌಕಾಪಡೆ ಗುಂಡಿನ ಗುರಿಯ ಅಭ್ಯಾಸಕ್ಕೆ ಇದೇ ನಡುಗಡ್ಡೆಯನ್ನು ಬಳಸಿದ್ದನ್ನು ನೆನೆದರೆ, ಮೀನುಗಾರರ ಆಡುಗಳ ಮೇಲಷ್ಟೇ ಬೆರಳು ತೋರುವುದು ನ್ಯಾಯವೂ ಅಲ್ಲ.

ಹರಕೆಗೆ ಜೀವಂತ ಪ್ರಾಣಿಯೇ ಬೇಕೆಂಬ ನಿಯಮ ಎಲ್ಲೆಡೆ ಇಲ್ಲ. ಕೊಡಗಿನ ಅಯ್ಯಪ್ಪನ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಕಾಡಿಗೆ ಅದರಿಂದ ಏನೂ ಬಾಧಕವಿಲ್ಲ. ಹರಕೆಯಲ್ಲಿ ಮುಖ್ಯವಾದುದು ತನ್ನದನ್ನು ಬಿಟ್ಟುಕೊಡುವ ಸಂಕಲ್ಪವಾದರೆ ಜಟ್ಟಿಗನಿಗೂ ಮಣ್ಣಿನ ಆಡು ಸಲ್ಲಬೇಕು. ಬಿಟ್ಟುಕೊಟ್ಟದ್ದು ಬೆಲೆಬಾಳುವಂಥದ್ದೇ ಆಗಿರಬೇಕು ಎನ್ನುವ ಭಕ್ತ ಇದನ್ನು ಒಪ್ಪಲಿಕ್ಕಿಲ್ಲ, ಅವನ ಮಾತಿನಲ್ಲೂ ಹುರುಳಿದೆ. ಈಗಾಗಲೇ ಅಲ್ಲಿರುವ ಆಡುಗಳ ಪ್ರಶ್ನೆ ಮಾತ್ರ ಯಾವ ಬದಲಿ ಹರಕೆಯಿಂದಲೂ ತೀರುವುದಿಲ್ಲ. ಅವನ್ನು ಹಿಡಿದು ದಡಕ್ಕೆ ತಂದರೆ ಸೇರುವುದು ಸಂತೆಗೆ, ಅಲ್ಲಿಂದ ಕಟುಕರ ಕೈಗೆ. ದೇವರಿಗೆ ಬಿಟ್ಟದ್ದನ್ನು ಮಾರುವ ಹಕ್ಕು ಯಾರಿಗಿದೆ ಎಂಬುದನ್ನು ಮೊದಲು ತೀರ್ಮಾನಿಸಬೇಕಾದವರು ಹರಕೆ ಹೊತ್ತ ಕುಟುಂಬಗಳು, ಅರಣ್ಯ ಇಲಾಖೆಯಲ್ಲ.